ಕಟಾವಿಗೆ ಮುಂಚಿನ ಹೊಲ

ಧನುರ್ಮಾಸಕ್ಕೆ ಶೂನ್ಯಮಾಸ ಅಂತಲೂ ಹೆಸರು. ಡಿಸೆಂಬರ್ 16ರ ಹೊತ್ತಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. ಈ ತಿಂಗಳಲ್ಲಿ ಮದುವೆ ಮಾತುಕತೆ ಇಲ್ಲ, ಗೃಹಪ್ರವೇಶ ಇಲ್ಲ. ಇಪ್ಪತ್ತೆಂಟು ದಾಟಿದ, ಪಿಎಚ್‌ಡಿಯ ಐದನೇ ವರ್ಷದಲ್ಲಿರುವ ನನ್ನಂಥವಳು ದೋಣಿಮಲೈನ ಮನೆಗೆ ಬರಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕೇಳುವ ಎರಡು ಪ್ರಶ್ನೆಗಳಲ್ಲಿ ಒಂದನ್ನು ಈ ತಿಂಗಳು ಯಾರೂ ಕೇಳುವುದಿಲ್ಲ. ಉಳಿಯುವುದು ಇನ್ನೊಂದು: “ಮುಗೀತೇನಮ್ಮ ನಿನ್ನ ಥೀಸಿಸ್ಸು?”

“ಗೈಡ್ ಓದ್ತಿದಾರೆ” ಅನ್ನುತ್ತೇನೆ. ಅದು ಸುಳ್ಳು. ಮೂರನೇ ಅಧ್ಯಾಯವನ್ನು ಮಾರ್ಚ್‌ನಲ್ಲಿ ಕೊಡುತ್ತೇನೆ ಎಂದಿದ್ದೆ. ಈವರೆಗೂ ಕಳಿಸಿಲ್ಲ.

ವರ್ಷದ ಅತಿ ಚಿಕ್ಕ ಹಗಲು ಬರುವುದು ಡಿಸೆಂಬರ್ 21-22ರ ಆಸುಪಾಸಿನಲ್ಲಿ. ನಾರ್ವೆಯ ಟ್ರೋಮ್ಸೊ ಊರಿನಲ್ಲಿ ಆಗ ಸೂರ್ಯ ಹುಟ್ಟುವುದೇ ಇಲ್ಲ. 15 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮ ಸಂಡೂರು ಸೀಮೆಯಲ್ಲಿ ಆ ದಿನವೂ 11 ಗಂಟೆಗಿಂತ ಹೆಚ್ಚು ಹೊತ್ತು ಬೆಳಕಿರುತ್ತದೆ. ಕತ್ತಲೆಯನ್ನು ದೂರುವಷ್ಟು ಕತ್ತಲೆ ನಮಗಿಲ್ಲ. ಆದರೂ ಬೆಳಗಿನ ಐದಕ್ಕೆ ಎಚ್ಚರವಾದಾಗ, ಗುಡ್ಡ ಕಾಣದ ಹಾಗೆ ಮಂಜು ಮುಚ್ಚಿದ್ದಾಗ, ಮನಸ್ಸು ತನ್ನ ಲೆಕ್ಕ ತೆಗೆಯುತ್ತದೆ. ಆ ಹೊತ್ತಿನಲ್ಲಿ ನನಗೆ ನಾನು ಎರಡೇ ಮಾತು ಹೇಳಿಕೊಳ್ಳಬಲ್ಲೆ. ಒಂದು, “ನಾನಿರೋದೇ ಹೀಗೆ, ಏನು ಮಾಡಲಿ.” ಇನ್ನೊಂದು, “ನಾನು ಯಾತಕ್ಕೂ ಬಾರದವಳು.”

ಮೊದಲನೆಯದನ್ನು ಈಗ ಆತ್ಮಸ್ವೀಕಾರ ಎಂದು ಕರೆಯುವವರಿದ್ದಾರೆ. ಎರಡನೆಯದನ್ನು ಪ್ರಾಮಾಣಿಕತೆ ಎಂದು ನಾನೇ ಬಹಳ ದಿನ ನಂಬಿದ್ದೆ. ಎರಡೂ ಅಲ್ಲ ಎಂದು ತಿಳಿಯಲು ನಾನು ನನ್ನ ಅಪ್ಪನ ಲಾರಿಗಳ ಕಡೆಗೆ ತಿರುಗಬೇಕಾಯಿತು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ನಮ್ಮ ಅದಿರಿಗೆ ಕೇಳಿದಷ್ಟು ಬೆಲೆ ಕೊಡುತ್ತಿತ್ತು. ಹೊಲ ಮಾರಿದವರು, ಬಂಗಾರ ಅಡ ಇಟ್ಟವರು, ಎಲ್ಲರೂ ಲಾರಿ ಕೊಂಡರು. ಅಪ್ಪನಿಗೆ ಆಗಲೇ ಒಂದು ಲಾರಿ ಇತ್ತು. 2010ರಲ್ಲಿ ಫೈನಾನ್ಸ್ ಮೇಲೆ ಇನ್ನೊಂದು ತಂದರು. ಅವ್ವ ಬೇಡ ಅಂದಿದ್ದಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಅನುಮತಿ ಸಿಕ್ಕಿತು. ಅಪ್ಪನ ಗಾಡಿಗಳು ಓಡುತ್ತಿದ್ದದ್ದು ಖಾಸಗಿ ಗಣಿಗೆ. ಎರಡೂ ನಿಂತವು.

ನಾನಾಗ ಎಸ್ಸೆಸ್ಸೆಲ್ಸಿ. ಮನೆಗೆ ಬಂದವರೆಲ್ಲ ಕೋರ್ಟಿಗೋ, ರಾಜಕಾರಣಿಗಳಿಗೋ, ಚೀನಾಕ್ಕೋ ಬೈದು ಚಹಾ ಕುಡಿದು ಹೋಗುತ್ತಿದ್ದರು. ಅಪ್ಪನೂ ಬೈಯುತ್ತಿದ್ದರು. ರಾತ್ರಿ ಮಾತ್ರ, “ನನ್ನ ಹಣೇಬರಾನೇ ಸರಿ ಇಲ್ಲ” ಅನ್ನುತ್ತಿದ್ದರು. ಆದರೆ ವಾರಕ್ಕೊಮ್ಮೆ ಹೋಗಿ ಎರಡೂ ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಬರುತ್ತಿದ್ದರು. “ಓಡೋ ಗಾಡಿಗಿಂತ ನಿಂತ ಗಾಡಿ ಜಲ್ದಿ ಕೆಡ್ತೈತೆ” ಎನ್ನುವುದು ಅವರ ಮಾತು.

ಆ ವರ್ಷ ಡಿಸೆಂಬರ್ 24ಕ್ಕೆ ಎಳ್ಳ ಅಮಾವಾಸ್ಯೆ. ಅವ್ವನ ತವರು ಎರೆಭೂಮಿಯ ಊರು. ಅಲ್ಲಿ ಹಿಂಗಾರಿನ ಬಿಳಿಜೋಳ ಮಳೆಯನ್ನು ನೆಚ್ಚಿ ಬೆಳೆಯುವುದಕ್ಕಿಂತ ಹೆಚ್ಚಾಗಿ ಮಣ್ಣಿನೊಳಗೆ ಉಳಿದ ತೇವದಲ್ಲಿ ಬೆಳೆಯುತ್ತದೆ. ಈ ಹಬ್ಬದ ಒಂದು ಸಂಗತಿ ನನಗೆ ಈಚೆಗೆ ಹೊಳೆಯಿತು. ಇದು ಸುಗ್ಗಿಯಲ್ಲ. ತೆನೆ ಇನ್ನೂ ಬಲಿತಿರುವುದಿಲ್ಲ, ಕಟಾವು ದೂರ ಇರುತ್ತದೆ. ವರ್ಷದ ಉದ್ದನೆಯ ರಾತ್ರಿಗಳ ನಡುವೆ, ಚಂದ್ರನೂ ಇಲ್ಲದ ದಿನ, ಇನ್ನೂ ಏನನ್ನೂ ಕೊಡದ ಹೊಲಕ್ಕೆ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಹೋಳಿಗೆಯ ಚರಗವನ್ನು ಮೊದಲು ಹೊಲಕ್ಕೆ ಚೆಲ್ಲಿ, ಆಮೇಲೆ ತಾವು ಉಣ್ಣುತ್ತಾರೆ.

ಆ ವರ್ಷ ಬರ. ಜೋಳ ಮೊಣಕಾಲೆತ್ತರಕ್ಕೇ ನಿಂತಿತ್ತು. ಆದರೂ ಹೋದೆವು. ತಾತ ಚರಗ ಚೆಲ್ಲುತ್ತಾ ಹೊಲ ಸುತ್ತಿ ಬಂದು, “ಆ ಮೂಲೇದು ಹೋತು. ಈ ನಾಕು ಸಾಲು ಬರ್ತಾವ. ಬದುವಿನ ಕಡೇದು ಮೇವಿಗೆ ಆಗ್ತೈತಿ” ಎಂದರು. ಹೊಲವನ್ನು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಊಟಕ್ಕೆ ಕೂತಾಗ ಅಪ್ಪ ತಲೆ ತಗ್ಗಿಸಿಕೊಂಡೇ, “ಎರಡನೇ ಗಾಡಿ ನಾನು ತಗೋಬಾರದಿತ್ತು ಮಾಮ” ಅಂದರು. ತಾತ “ಹೂಂ” ಅಂದು ಅವರ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು.

ಗಣಿ ನಿಂತದ್ದು ಅಪ್ಪನ ತಪ್ಪಲ್ಲ. ಎರಡನೇ ಲಾರಿ ಅಪ್ಪನ ತಪ್ಪು. ಐದು ತಿಂಗಳು ಇವೆರಡೂ ಅವರೊಳಗೆ ಕಲೆತು ಹೋಗಿ, ಒಮ್ಮೆ ಎಲ್ಲವೂ ಕೋರ್ಟಿನ ತಪ್ಪಾಗಿ, ಇನ್ನೊಮ್ಮೆ ಎಲ್ಲವೂ ಹಣೆಬರಹವಾಗಿ ಕಾಣುತ್ತಿತ್ತು. ಆ ದಿನ ಬೇರೆಯಾದವು. ಸಂಕ್ರಾಂತಿ ಕಳೆದ ಮೇಲೆ ಎರಡನೇ ಲಾರಿಯನ್ನು ನಷ್ಟಕ್ಕೇ ಮಾರಿದರು. ಮುಂದೆ ಗಣಿಗಳು ತೆರೆದಾಗಲೂ ಜಿಲ್ಲೆಗೆ ವರ್ಷಕ್ಕೆ 25 ದಶಲಕ್ಷ ಟನ್ ಮಿತಿ ಬಂತು. ಮೊದಲಿನಷ್ಟು ಲಾರಿಗಳಿಗೆ ಕೆಲಸ ಉಳಿಯಲಿಲ್ಲ. ಉಳಿದ ಒಂದು ಲಾರಿಯ ಮೇಲೆ ನಾನು ಓದಿದೆ.

“ನಾನಿರೋದೇ ಹೀಗೆ” ಎಂಬುದೂ “ನಾನು ಯಾತಕ್ಕೂ ಬಾರದವಳು” ಎಂಬುದೂ ಒಂದೇ ಜಾತಿಯ ಮಾತುಗಳೆಂದು ನನಗೆ ಈಗ ಅನ್ನಿಸುತ್ತದೆ. ಎರಡೂ ಹೊಲವನ್ನು ದೂರದಿಂದಲೇ ನೋಡಿ ತೀರ್ಪು ಕೊಡುತ್ತವೆ, ಸಾಲು ಎಣಿಸುವುದಿಲ್ಲ. ನನ್ನನ್ನು ನಾನು ಪೂರಾ ಕೆಟ್ಟವಳು ಅಂದುಕೊಂಡಾಗ, ಮಾರ್ಚ್‌ನಲ್ಲಿ ಮಾಡದ ಒಂದು ಕೆಲಸದ ಹೆಸರು ಹೇಳುವುದು ತಪ್ಪುತ್ತದೆ. ಆತ್ಮನಿಂದೆಯಲ್ಲೂ ಹೀಗೊಂದು ಸೋಮಾರಿತನವಿದೆ.

ಹಾಗಾದರೆ ತಪ್ಪನ್ನು ಎಣಿಸಿದರೆ ಸಾಕೇ, ಸ್ವೀಕಾರ ಎಂಬ ದೊಡ್ಡ ಮಾತೇಕೆ ಎಂದು ನೀವು ಕೇಳಬಹುದು. ಎಣಿಸುವ ಮೊದಲು ತಾತ ಚರಗ ಚೆಲ್ಲಿದ್ದರು ಎಂಬುದೇ ನನ್ನ ಉತ್ತರ. ಬೆಳೆ ಚೆನ್ನಾಗಿದ್ದರೆ ಮಾತ್ರ ಉಣಿಸುತ್ತೇನೆ ಎಂದಿದ್ದರೆ ಆ ವರ್ಷ ಅವರು ಹೊಲದ ಕಡೆ ಹೋಗುತ್ತಲೇ ಇರಲಿಲ್ಲ, ಬರುವ ನಾಲ್ಕು ಸಾಲುಗಳೂ ಅವರಿಗೆ ಕಾಣುತ್ತಿರಲಿಲ್ಲ. ಅಪ್ಪನ ತಪ್ಪು ಬಾಯಿಗೆ ಬಂದದ್ದೂ ಅದನ್ನು ಹೇಳಿದರೆ ಊಟದ ಪಂಕ್ತಿಯಿಂದ ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯದಿಂದಲೇ ಇರಬೇಕು. ಹೊರಗಿನವರು ಆ ಧೈರ್ಯ ಕೊಡದಿದ್ದಾಗ ನಮಗೆ ನಾವೇ ಕೊಟ್ಟುಕೊಳ್ಳಬೇಕಾಗುತ್ತದೆ. ಅದು ಕಷ್ಟ. ನನಗಂತೂ ಒಂಬತ್ತು ತಿಂಗಳು ಹಿಡಿಯಿತು.

ನಿನ್ನೆ ಬೆಳಗಿನ ಐದೂವರೆಗೆ ಫೈಲ್ ತೆರೆದು ಪುಟ ಎಣಿಸಿದೆ. ಮೂರನೇ ಅಧ್ಯಾಯದ ಹದಿನೆಂಟು ಪುಟಗಳಿವೆ. ಏಳು ನಿಲ್ಲುತ್ತವೆ. ನಾಲ್ಕು ಹೋದವು. ಉಳಿದವನ್ನು ಮತ್ತೆ ಬರೆಯಬೇಕು. ಫೆಲೋಶಿಪ್ ಹಣ ತಡವಾದದ್ದು ನನ್ನ ತಪ್ಪಲ್ಲ, ಕಳಿಸದೆ ಕೂತದ್ದು ನನ್ನದು ಎಂದು ಗೈಡ್‌ಗೆ ಮೇಲ್ ಬರೆದು ಹದಿನೆಂಟೂ ಪುಟ ಲಗತ್ತಿಸಿದೆ.

ಅಪ್ಪ ಅಂಗಳದಲ್ಲಿ ಲಾರಿಯ ಗಾಜು ಒರೆಸುತ್ತಿದ್ದರು. “ಅಪ್ಪ, ಗೈಡ್ ಓದ್ತಿದಾರೆ ಅಂದಿದ್ನಲ್ಲ, ಇಲ್ಲ. ನಾನು ಇವತ್ತೇ ಕಳಿಸಿದ್ದು” ಅಂದೆ.

“ಹೂಂ” ಅಂದರು. ಆಮೇಲೆ, “ಚಹಾ ಆತೇನು?”