ತೋರಿಸುವ ಪರದೆ, ನೋಡುವ ಕಣ್ಣು

ಬನ್ನಿಮಂಟಪದಿಂದ ಗೋಕುಲಂ ಬಡಾವಣೆಗೆ ಕೆಲವೇ ಕಿಲೋಮೀಟರುಗಳ ದಾರಿ. ಕಡಲು ದಾಟಿ ಬಂದ ವಿದೇಶಿಯರು ಅಲ್ಲಿ ಬಾಡಿಗೆಗೆ ಕೋಣೆ ಹಿಡಿದು, ನಸುಕಿನಲ್ಲೇ ಎದ್ದು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗುರುವಿನ ಎದುರು ಹಠಯೋಗ ಕಲಿಯಲು ಹೊರಡುತ್ತಾರೆ. ಅದೇ ಹೊತ್ತಿಗೆ ಬನ್ನಿಮಂಟಪದ ಮನೆಗಳಲ್ಲಿ ನಮ್ಮವರು ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ನಿಲ್ಲಿಸಿ, ಅದರೊಳಗೆ ಕಾಣುವ ಅಪರಿಚಿತರನ್ನು ನೋಡುತ್ತಾ ಅವೇ ಆಸನಗಳಿಗೆ ಮೈ ಬಗ್ಗಿಸುತ್ತಿರುತ್ತಾರೆ. ದೂರದವರಿಗೆ ಗುರು, ಊರಿನವರಿಗೆ ಪರದೆ! ನಗು ಬರುವ ಮಾತೇ ಸರಿ. ಆದರೆ ಮನೆಯಲ್ಲಿ ಕಲಿಯುವವರ ಕಾರಣಗಳನ್ನು ಕೇಳಿದರೆ ಆ ನಗು ನಿಲ್ಲುತ್ತದೆ. ತರಗತಿಯ ಶುಲ್ಕ ತೆರುವ ಶಕ್ತಿ ಎಲ್ಲರಿಗೂ ಇಲ್ಲ. ಮಕ್ಕಳನ್ನು ಶಾಲೆಗೆ ಕಳುಹಿಸಿ, ಹಾಸಿಗೆ ಹಿಡಿದ ಅತ್ತೆಗೆ ಗಂಜಿ ಕುಡಿಸಿದ ಮೇಲೆ ಒಬ್ಬ ತಾಯಿಗೆ ದೊರೆಯುವ ಬಿಡುವು ಅರ್ಧ ಗಂಟೆ. ಮೈ ಬೆಳೆದವರಿಗೆ ನಾಲ್ವರ ಮುಂದೆ ಬಗ್ಗಿ ಏಳಲು ಸಂಕೋಚ. ಸೊಂಟನೋವು, ಸಕ್ಕರೆ ಕಾಯಿಲೆ, ನಿದ್ರೆ ಬಾರದ ರಾತ್ರಿಗಳು ಇವರನ್ನು ಯೋಗದತ್ತ ನೂಕಿವೆ. ಬಡತನವೂ ಲಜ್ಜೆಯೂ ಮನೆಯೊಳಗೇ ಉಳಿಸಿವೆ. ಇದರಲ್ಲಿ ಹಳಿಯಬೇಕಾದದ್ದು ಏನೂ ಇಲ್ಲ.

ಮನೆಯಲ್ಲಿ ವಿಡಿಯೊ ನೋಡಿ ಆಸನ ಕಲಿಯುವುದು ಸುರಕ್ಷಿತವೇ ಎಂಬ ಪ್ರಶ್ನೆಗೆ ವೈದ್ಯರೂ ಯೋಗ ಶಿಕ್ಷಕರೂ ತಮ್ಮ ತಮ್ಮ ಉತ್ತರಗಳನ್ನು ಕೊಡುತ್ತಾರೆ. ಆ ಪ್ರಶ್ನೆಯ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಮಲಗಿದೆ. ಯಾರೂ ನನ್ನನ್ನು ನೋಡದಿರುವಾಗ ನನ್ನ ದೇಹದ ವಿಷಯದಲ್ಲಿ ನಾನು ಯಾರಿಗೆ ಉತ್ತರವಾದಿ? ದೇಹವು ಪವಿತ್ರಾತ್ಮರ ಆಲಯ, ಅದು ನಮ್ಮ ಸ್ವಂತ ಸೊತ್ತಲ್ಲ ಎಂದು ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ನೆನಪಿಸಿದರು. ಆ ಮಾತನ್ನು ನಾವು ಸಾಮಾನ್ಯವಾಗಿ ದೈಹಿಕ ಶುದ್ಧತೆಯ ಉಪದೇಶವಾಗಿಯೇ ಕೇಳುತ್ತೇವೆ. ಕತ್ತಿನ ಮೂಳೆ, ಮೊಣಕಾಲಿನ ಕೀಲು, ಕಣ್ಣಿನ ನರಗಳೂ ಆ ಆಲಯದ ಕಂಬಗಳೇ ಎಂಬುದು ನಮ್ಮ ನೆನಪಿಗೆ ಬರುವುದು ಕಡಿಮೆ.

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರ ಯೋಗಶಾಲೆ ತೆರೆಯಿತು. ಅದೇ ವರ್ಷದ ಅಕ್ಟೋಬರ್ 28ರಂದು ಅದೇ ಮಹಾರಾಜರು ಇಂದಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಅಡಿಗಲ್ಲು ಇಟ್ಟರು. ಒಂದೇ ಕೈ ಎರಡನ್ನೂ ಪೋಷಿಸಿತು ಎಂಬುದು ನಮ್ಮ ಊರಿನ ಒಂದು ಸೊಗಸು. ಮರುವರ್ಷ, 1934ರಲ್ಲಿ, ಕೃಷ್ಣಮಾಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲಿಯೇ ಚಿತ್ರಸಮೇತ ಅಚ್ಚಾಯಿತು. 1938ರಲ್ಲಿ ಆಚಾರ್ಯರೂ ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರೂ ಆಸನಗಳನ್ನು ಮಾಡುವುದನ್ನು ಮೂಕ ಚಲನಚಿತ್ರವಾಗಿ ಸೆರೆಹಿಡಿಯಲಾಯಿತು. ಅಂದರೆ ಚಲಿಸುವ ಚಿತ್ರದಲ್ಲಿ ಆಸನವನ್ನು ತೋರಿಸುವ ಪರಿಪಾಠಕ್ಕೆ ಎಂಟು ದಶಕಗಳಿಗೂ ಮೀರಿದ ವಯಸ್ಸು. ಆದರೆ ಅಂದಿನ ಚಿತ್ರ ಇದ್ದದ್ದು ಪ್ರದರ್ಶನಕ್ಕೆ. ಕಲಿಕೆ ನಡೆಯುತ್ತಿದ್ದುದು ಯೋಗಶಾಲೆಯಲ್ಲಿ, ಗುರುವಿನ ಕಣ್ಣೆದುರು.

ಹಾಗೆಂದು ಗುರುವಿನ ಸನ್ನಿಧಿಯೊಂದೇ ರಕ್ಷೆಯೆಂದು ತೀರ್ಮಾನಿಸಲೂ ಆಗದು. ಅಯ್ಯಂಗಾರರು ಹರೆಯದಲ್ಲಿ, ಗಣ್ಯರ ಸಮ್ಮುಖದಲ್ಲಿ, ಗುರುವಿನ ಅಪ್ಪಣೆಯಂತೆ ಅಭ್ಯಾಸವಿಲ್ಲದ ಹನುಮಾನಾಸನಕ್ಕೆ ಕಾಲು ಚಾಚಿ, ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡು ಬಹುಕಾಲ ನರಳಿದರು; ಇದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಆ ಹೊತ್ತಿನಲ್ಲಿ ಗುರುವಿನ ದೃಷ್ಟಿ ಪ್ರೇಕ್ಷಕರತ್ತ ಇತ್ತು, ಶಿಷ್ಯನ ಕಾಲಿನತ್ತ ಇರಲಿಲ್ಲ ಎಂದು ನನಗೆ ಅನಿಸುತ್ತದೆ. ಅಂಥ ನೋವುಂಡ ಶಿಷ್ಯರೇ ಮುಂದೆ ಮರದ ದಿಮ್ಮಿ, ಪಟ್ಟಿ, ಹಗ್ಗ, ಕುರ್ಚಿಗಳನ್ನು ಆಸನದ ಊರುಗೋಲುಗಳಾಗಿ ಬಳಕೆಗೆ ತಂದು ವೃದ್ಧರಿಗೂ ರೋಗಿಗಳಿಗೂ ಯೋಗವನ್ನು ಎಟಕುವಂತೆ ಮಾಡಿದರು. ಹತ್ತಿರ ಇರುವುದು ಬೇರೆ, ನೋಡುವುದು ಬೇರೆ. ಹತ್ತಿರವಿದ್ದೂ ನೋಡದ ಗುರುಗಳು ಇರಬಹುದು. ವಿಡಿಯೊದ ಗುರುವಾದರೋ ಸ್ವಭಾವತಃ ನೋಡಲಾರರು. ಅವರು ಎಷ್ಟೇ ಸಜ್ಜನರಾಗಿರಲಿ, ನಮ್ಮ ಮೊಣಕಾಲು ಎತ್ತ ತಿರುಗಿದೆ ಎಂಬುದು ಅವರಿಗೆ ಕಾಣದು.

ಬೆತ್ಸಾಯಿದದ ಕುರುಡನನ್ನು ಗುಣಪಡಿಸಿದ ಪ್ರಸಂಗ ಸಂತ ಮಾರ್ಕರ ಶುಭಸಂದೇಶದಲ್ಲಿದೆ. ಪ್ರಭು ಯೇಸು ಅವನನ್ನು ಒಮ್ಮೆ ಮುಟ್ಟಿ, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸುತ್ತಾರೆ. ಅರೆಬರೆ ಕಾಣುತ್ತಿದೆ ಎಂದು ಅವನು ಹೇಳಿದ ಮೇಲೆ ಮತ್ತೊಮ್ಮೆ ಕೈಯಿಡುತ್ತಾರೆ. ಕೇಳುವುದು, ಉತ್ತರವನ್ನು ಆಲಿಸುವುದು, ಎರಡನೆಯ ಸಲ ಮುಟ್ಟುವುದು. ಗುರುತನದ ಸಾರ ಆ ಎರಡನೆಯ ಸ್ಪರ್ಶದಲ್ಲಿದೆ. ಧ್ವನಿಮುದ್ರಿತ ಪಾಠಕ್ಕೆ ಇದು ಅಸಾಧ್ಯ. 2020ರ ಮಾರ್ಚ್ ತಿಂಗಳಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾವು ಬಲಿಪೂಜೆಯನ್ನು ಪರದೆಯಲ್ಲಿ ಕಂಡೆವು. ಅದು ನಮ್ಮನ್ನು ಸಂತೈಸಿದ್ದು ನಿಜ. ಪರಮಪ್ರಸಾದದ ಹಸಿವನ್ನು ತಣಿಸಲಿಲ್ಲ ಎಂಬುದೂ ನಿಜ. ಈ ವ್ಯತ್ಯಾಸವನ್ನು ಬಲ್ಲ ನಾವು ಆಸನದ ಪಾಠದಲ್ಲಿಯೂ ಅದನ್ನು ಗುರುತಿಸಬೇಕಲ್ಲವೇ? ಶಿಕ್ಷಕರು ಕ್ಯಾಮೆರಾದ ಮೂಲಕ ನಮ್ಮನ್ನು ನೋಡಿ, ಹೆಸರು ಹಿಡಿದು ಕರೆದು ತಿದ್ದುವ ನೇರ ತರಗತಿ ಇವೆರಡರ ನಡುವಿನದು. ಅದು ಮುದ್ರಿತ ವಿಡಿಯೊಗಿಂತ ಎಷ್ಟೋ ಮೇಲು.

ಪರದೆಯ ಇನ್ನೊಂದು ತೊಡಕು ಕಾಲದ್ದು. ತರಬೇತಾದ ದೇಹ ವರ್ಷಗಟ್ಟಲೆ ದುಡಿದು ಗಳಿಸಿದ ಬಾಗುವಿಕೆಯನ್ನು ಅದು ಹತ್ತು ನಿಮಿಷಗಳಲ್ಲಿ ತೋರಿಸಿಬಿಡುತ್ತದೆ. ನಡುವಿನ ವರ್ಷಗಳು ಕಾಣುವುದಿಲ್ಲ. ದಸರೆಯ ಕೊನೆಯ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಬೈಕುಗಳ ಮೇಲೆ ನಿಂತು ಸಾಗುವ ಸೈನಿಕರನ್ನು ಕಂಡು ಮರುದಿನ ತಮ್ಮ ಸ್ಕೂಟರಿನ ಮೇಲೆ ನಿಲ್ಲುವ ಹುಚ್ಚು ಯಾರಿಗೂ ಹಿಡಿಯದು. ಶೀರ್ಷಾಸನದ ವಿಡಿಯೊ ಕಂಡವರಿಗೆ ಮಾತ್ರ, ಇದಕ್ಕೆ ಬೇಕಾದದ್ದು ಒಂದು ಚಾಪೆ ಮತ್ತು ಒಂದು ಗೋಡೆ ತಾನೇ ಎಂಬ ಧೈರ್ಯ ಬಂದುಬಿಡುತ್ತದೆ.

ಹದಿನೈದನೆಯ ಶತಮಾನದಲ್ಲಿ ಸ್ವಾತ್ಮಾರಾಮರು ರಚಿಸಿದ ‘ಹಠಯೋಗ ಪ್ರದೀಪಿಕೆ’ ಉಸಿರಿನ ಅಭ್ಯಾಸವನ್ನು ಸಿಂಹ, ಆನೆ, ಹುಲಿಗಳನ್ನು ಪಳಗಿಸುವುದಕ್ಕೆ ಹೋಲಿಸುತ್ತದೆ. ಮೆಲ್ಲಮೆಲ್ಲನೆ ಪಳಗಿಸಬೇಕು, ಆತುರಪಟ್ಟರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬುದು ಅದರ ಎಚ್ಚರಿಕೆ. ಸಿಂಹ ಹುಲಿಗಳ ವಿಚಾರ ಹಾಗಿರಲಿ, ಆನೆಯ ವಿಚಾರವನ್ನು ಬನ್ನಿಮಂಟಪದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಸರೆಗೆ ವಾರಗಟ್ಟಲೆ ಮೊದಲೇ ಕಾಡಿನಿಂದ ಬರುವ ಆನೆಗಳನ್ನು ಮೊದಲು ತೂಕ ಮಾಡಿಸುತ್ತಾರೆ. ಆಮೇಲೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ಬರಿಬೆನ್ನಿನಲ್ಲಿ ನಡೆಸುತ್ತಾರೆ. ದಿನ ಕಳೆದಂತೆ ಮರಳು ಮೂಟೆಯ ಭಾರ ಹೊರಿಸಿ, ಅದನ್ನು ಸ್ವಲ್ಪಸ್ವಲ್ಪವೇ ಏರಿಸಿ, ಬಳಿಕ ಮರದ ಅಂಬಾರಿ ಕಟ್ಟಿ, ಕೊಟ್ಟಕೊನೆಗೆ ವಿಜಯದಶಮಿಯಂದು 750 ಕಿಲೋ ತೂಕದ ಚಿನ್ನದ ಅಂಬಾರಿ. ಪ್ರತಿ ದಿನದ ತಾಲೀಮಿನಲ್ಲೂ ಮಾವುತ, ಕಾವಾಡಿ, ಪಶುವೈದ್ಯರ ಕಣ್ಣು ಆನೆಯ ಹೆಜ್ಜೆಯ ಮೇಲಿರುತ್ತದೆ. ಹಿಂದೆ ಎಷ್ಟೋ ಸಲ ಅಂಬಾರಿ ಹೊತ್ತ ಆನೆಯನ್ನೂ ಮರುವರ್ಷ ಬರಿಬೆನ್ನಿನಿಂದಲೇ ಆರಂಭಿಸುತ್ತಾರೆ. ಈ ತಾಳ್ಮೆಯನ್ನು ಆನೆಗೆ ತೋರಿಸುವ ನಾವು ನಲವತ್ತೈದು ದಾಟಿದ ನಮ್ಮ ಬೆನ್ನಿಗೆ ತೋರಿಸುವುದಿಲ್ಲ.

ಇನ್ನು ಕೆಲವು ಸ್ಥೂಲ ಸಂಗತಿಗಳು. ತಲೆಕೆಳಗಾದ ಆಸನಗಳಲ್ಲಿ ಕಣ್ಣೊಳಗಿನ ಒತ್ತಡ ಏರುತ್ತದೆ. ಶೀರ್ಷಾಸನದಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಕತ್ತಿನ ಮೂಳೆಯ ಸವೆತ ಇರುವವರೂ ಅದರಿಂದ ದೂರವಿರಬೇಕು. ಮೂಳೆ ಟೊಳ್ಳಾದ ವೃದ್ಧರು ಬೆನ್ನು ಗೂನಿಸಿ ಮುಂದಕ್ಕೆ ಬಾಗಿದರೆ ಬೆನ್ನೆಲುಬು ಕುಸಿಯುವ ಅಪಾಯವಿದೆ. ಗರ್ಭಿಣಿಯರಿಗೂ ಹರ್ನಿಯಾ ಇರುವವರಿಗೂ ಕಪಾಲಭಾತಿ ಬೇಡ. ಸ್ನಾಯು ಹಿಗ್ಗುವ ಎಳೆತ ಒಂದು, ಕೀಲಿನಲ್ಲಿ ಚುಚ್ಚುವ ನೋವು ಇನ್ನೊಂದು. ಎರಡನೆಯದು ಬಂದ ಕ್ಷಣವೇ ಹಿಂದೆ ಸರಿಯಬೇಕು. ಪರದೆಗೇ ವಿಶಿಷ್ಟವಾದ ಅಪಾಯವೂ ಒಂದಿದೆ. ಭುಜಗಳ ಮೇಲೆ ದೇಹವನ್ನು ಎತ್ತಿ ನಿಲ್ಲಿಸಿದ ಸರ್ವಾಂಗಾಸನದಲ್ಲಿ, ಮುಂದೇನು ಎಂದು ನೋಡಲು ಕತ್ತನ್ನು ಮೊಬೈಲಿನತ್ತ ತಿರುಗಿಸುವುದು. ಇಡೀ ದೇಹದ ಭಾರ ಹೊತ್ತ ಕತ್ತನ್ನು ತಿರುಗಿಸಬಾರದು. ಪಾಠವನ್ನು ಮೊದಲು ಕುಳಿತು ಪೂರ್ತಿ ನೋಡಿ, ಬಳಿಕ ಕಣ್ಣು ಪರದೆಯ ಮೇಲಿಡದೆ ದನಿಯನ್ನಷ್ಟೇ ಕೇಳುತ್ತಾ ಮಾಡುವುದು ಒಳಿತು. ಆದರೆ ಯಾವ ಆಸನ ನಮಗೆ ತಕ್ಕುದು ಎಂಬುದನ್ನು ವೈದ್ಯರೊಡನೆಯೂ ಬಲ್ಲ ಶಿಕ್ಷಕರೊಡನೆಯೂ ಒಮ್ಮೆಯಾದರೂ ಎದುರು ಕುಳಿತು ಕೇಳಿಕೊಳ್ಳಬೇಕು.

ನಮ್ಮ ಪರಂಪರೆಯಲ್ಲಿಯೇ ಇದಕ್ಕೊಂದು ಮಾದರಿ ಇದೆ. ಲೊಯೋಲಾದ ಸಂತ ಇಗ್ನಾಸಿಯವರ ‘ಆಧ್ಯಾತ್ಮಿಕ ಅಭ್ಯಾಸಗಳು’ 1548ರಲ್ಲಿ ಜಗದ್ಗುರುಗಳ ಅನುಮತಿ ಪಡೆದು ಪ್ರಕಟವಾಯಿತು. ಅದು ಅಭ್ಯಾಸ ಮಾಡುವವನು ಕುಳಿತು ಓದುವ ಪುಸ್ತಕವಲ್ಲ, ಅಭ್ಯಾಸ ಮಾಡಿಸುವವರ ಕೈಪಿಡಿ. ವಯಸ್ಸು, ತಿಳಿವಳಿಕೆ, ಶಕ್ತಿಗಳನ್ನು ನೋಡಿಕೊಂಡು ಅಭ್ಯಾಸವನ್ನು ಹೊಂದಿಸಿ ಕೊಡಬೇಕು, ತಾಳಲಾರದ್ದನ್ನು ಹೇರಬಾರದು ಎಂದು ಅದರ ಪೀಠಿಕೆಯಲ್ಲೇ ಇದೆ. ಮೊಣಕಾಲೂರಿ, ಬೋರಲು ಬಿದ್ದು, ಅಂಗಾತ ಮಲಗಿ, ಕುಳಿತು, ನಿಂತು ಪ್ರಾರ್ಥಿಸಬಹುದು. ಯಾವ ಭಂಗಿಯಲ್ಲಿ ಫಲ ದೊರೆಯಿತೋ ಅಲ್ಲಿಯೇ ನಿಲ್ಲಿ, ಚಡಪಡಿಸಬೇಡಿ ಎಂಬ ಸೂಚನೆಯೂ ಅದರಲ್ಲಿದೆ. ಲೋಕವ್ಯವಹಾರ ಬಿಟ್ಟು ಬರಲಾಗದವರು ತಮ್ಮ ಮನೆಯಲ್ಲಿದ್ದುಕೊಂಡೇ ದಿನಕ್ಕಿಷ್ಟು ಹೊತ್ತಿನಂತೆ ಅಭ್ಯಾಸ ಮುಂದುವರಿಸಲು ಅವರು ಅವಕಾಶ ಕೊಟ್ಟರು. ಆದರೆ ಅವರೂ ಮಾರ್ಗದರ್ಶಿಯ ಮುಂದೆ ತಮ್ಮ ಅನುಭವವನ್ನು ಒಪ್ಪಿಸಬೇಕು. ಮನೆಯಲ್ಲಿ ಕಲಿಯುವುದು ಅಪಾಯವಲ್ಲ, ಯಾರಿಗೂ ಲೆಕ್ಕ ಒಪ್ಪಿಸದೆ ಕಲಿಯುವುದು ಅಪಾಯ ಎಂದು ನಾನು ಅರ್ಥಮಾಡಿಕೊಂಡಿರುವುದು ಇದರಿಂದಲೇ. ಗುರುವಿಲ್ಲದ ಕಡೆ ಮನೆಯವರೇ ಆ ಕಣ್ಣಾಗಬಹುದು. ‘ಅಮ್ಮಾ, ನಿನ್ನ ಬಲಭುಜ ಏರಿದೆ’ ಎಂದು ಹೇಳಲು ಹತ್ತು ವರ್ಷದ ಮಗಳು ಸಾಕು. ಮಕ್ಕಳಿಂದ ತಿದ್ದಿಸಿಕೊಳ್ಳುವುದು ಕೆಲವರಿಗೆ ಶೀರ್ಷಾಸನಕ್ಕಿಂತ ಕಠಿಣ!

ದೇಹವನ್ನು ದಂಡಿಸುವುದೇ ಭಕ್ತಿ ಎಂಬ ಭಾವನೆ ನಮ್ಮಲ್ಲೂ ಇತ್ತು. ಇಗ್ನಾಸಿಯವರೇ ಮನ್ರೇಸಾದಲ್ಲಿ ಮಿತಿಮೀರಿದ ಉಪವಾಸಗಳಿಂದ ಆರೋಗ್ಯ ಕೆಡಿಸಿಕೊಂಡರು. ಮುಂದೆ ಸಂಗಡಿಗರಿಗೆ ಅಂಥ ಅತಿರೇಕ ಬೇಡವೆಂದರು. ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಶರೀರವನ್ನು ಸೋದರ ಕತ್ತೆ ಎಂದು ಕರೆಯುತ್ತಿದ್ದರು. ಕೊನೆಗಾಲದಲ್ಲಿ ಆ ಸೋದರನ ಕ್ಷಮೆ ಕೇಳಿದರೆಂದು ಅವರ ಚರಿತ್ರೆಕಾರರು ಬರೆದಿದ್ದಾರೆ. ಪತಂಜಲಿಯ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಮೊದಲನೆಯದಾದ ಯಮದ ಮೊದಲ ಮಾತೇ ಅಹಿಂಸೆ. ತನ್ನ ಮೊಣಕಾಲಿಗೆ ಹಿಂಸೆ ಕೊಟ್ಟು ಪದ್ಮಾಸನ ಹಾಕಿದವನು ಮೂರನೆಯ ಮೆಟ್ಟಿಲೇರಲು ಮೊದಲನೆಯದನ್ನೇ ಕಿತ್ತಂತಾಯಿತು. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನ ಪ್ರೇರೇಪಿಸಿದಾಗ ಪ್ರಭು ಒಪ್ಪಲಿಲ್ಲ. ಶರೀರವನ್ನು ಪಣಕ್ಕಿಡುವ ಸಾಹಸವನ್ನು ಅವರು ವಿಶ್ವಾಸವೆಂದು ಎಣಿಸಲಿಲ್ಲ.

ಶವಾಸನದ ಮಾತೊಂದು ಉಳಿದಿದೆ. ವಿಡಿಯೊಗಳಲ್ಲಿ ಬಹುಮಟ್ಟಿಗೆ ಅವಸರದಲ್ಲಿ ಮುಗಿದುಹೋಗುವ ಆಸನ ಇದು. ತೋರಿಸಲು ಅದರಲ್ಲಿ ಏನಿದೆ? ಕಣ್ಣು ಮುಚ್ಚಿ, ಅಂಗಾತ ಮಲಗಿ, ಉಸಿರನ್ನು ಅದರ ಪಾಡಿಗೆ ಬಿಡುವುದು ಅಷ್ಟೆ. ಪರದೆಯ ಸಹಾಯವೇ ಬೇಡದ ಈ ಹತ್ತು ನಿಮಿಷಗಳನ್ನು ಕಡಿತ ಮಾಡಬಾರದು. ಕ್ರೈಸ್ತರು ಇದನ್ನೆಲ್ಲ ಮಾಡಬಹುದೇ ಎಂದು ಕೇಳುವವರಿಗೆ, 1989ರ ಅಕ್ಟೋಬರ್ 15ರಂದು ವಿಶ್ವಾಸತತ್ವ ಪರಿಷತ್ತಿನ ಪರವಾಗಿ ಕಾರ್ಡಿನಲ್ ರಾಟ್ಸಿಂಗರರು, ಅಂದರೆ ಮುಂದಿನ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ಸಹಿ ಮಾಡಿದ ಪತ್ರವನ್ನು ಓದಲು ಹೇಳುತ್ತೇನೆ. ಪೂರ್ವದೇಶಗಳ ಅಭ್ಯಾಸಗಳು ಪ್ರಾರ್ಥಿಸುವವನಿಗೆ ನೆರವಾಗಬಹುದೆಂದು ಅದು ಒಪ್ಪುತ್ತದೆ; ದೈಹಿಕ ಅಭ್ಯಾಸದಿಂದ ಬರುವ ನೆಮ್ಮದಿಯನ್ನು ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬೇಡಿ ಎಂದೂ ಎಚ್ಚರಿಸುತ್ತದೆ. ಶವಾಸನದಲ್ಲಿ ಬರುವ ನೆಮ್ಮದಿ ದಣಿದ ದೇಹಕ್ಕೆ ದೊರೆತ ವಿಶ್ರಾಂತಿ. ಅದಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದರೆ ಸಾಕು, ದೊಡ್ಡ ಹೆಸರುಗಳು ಬೇಕಿಲ್ಲ. ಏಳುವಾಗ ಮಾತ್ರ ತಟ್ಟನೆ ಏಳಬಾರದು. ಪಕ್ಕದ ಕೋಣೆಯಿಂದ ಅತ್ತೆ ಕರೆದರೂ ಸರಿ, ಬಲಕ್ಕೆ ಹೊರಳಿ, ಕೈಯೂರಿ, ಮೆಲ್ಲನೆ ಎದ್ದು ಕುಳಿತು, ‘ಬಂದೆ ಅತ್ತೆ’ ಎನ್ನಬೇಕು, ಸಿಡುಕದೆ.