ಎರಡು ಪಾಠಗಳ ನಡುವೆ

ಒಳ್ಳೆಯ ಗುರು ಸಿಕ್ಕರೆ ಸಾಕು, ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎಂದು ನಾವು ನಂಬಿರುತ್ತೇವೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರು ಕಲಿತ ಬಗೆಯನ್ನು ನೋಡಿದರೆ ಆ ನಂಬಿಕೆ ಅರ್ಧ ಮಾತ್ರ ನಿಜ ಅನ್ನಿಸುತ್ತದೆ.

ಅವರ ಗುರು ಕಿರಾನಾ ಘರಾಣೆಯ ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು. ಗುರುಗಳು ಊರೂರು ಸುತ್ತುತ್ತಿದ್ದ ಕಾಲದಲ್ಲಿ ಪಾಠ ಬಿಟ್ಟುಬಿಟ್ಟು ನಡೆಯಿತು. 1930ರ ದಶಕದ ಕೊನೆಯ ಹೊತ್ತಿಗೆ ಅವರು ಊರಿಗೆ ಮರಳಿದ ಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರತೊಡಗಿದರು. ಮನೆಯಲ್ಲಿ ಮಕ್ಕಳು, ಹೆಗಲ ಮೇಲೆ ಸಂಸಾರದ ಭಾರ. ಅಷ್ಟರ ನಡುವೆಯೂ ಪಾಠ ನಿಲ್ಲಲಿಲ್ಲ.

ಗುರುಗಳು ಒಮ್ಮೆಗೇ ಬಹಳ ಕಲಿಸುವವರಲ್ಲ. ರಾಗದ ಒಂದು ಸಣ್ಣ ಭಾಗವನ್ನು ಹೇಳಿಕೊಟ್ಟರೆ ಅದು ಗಂಟಲಲ್ಲಿ ಕೂರುವ ತನಕ ಅದನ್ನೇ ಹಾಡಿಸುತ್ತಿದ್ದರು. ಅವರ ಮನೆಯಲ್ಲೇ ಇದ್ದು ನೀರು ಹೊತ್ತು, ಮನೆಗೆಲಸ ಮಾಡಿ ಕಲಿತ ಗಾಯಕ ಭೀಮಸೇನ ಜೋಶಿಯವರಿಗೂ ಪಾಠ ದಕ್ಕಿದ್ದು ಹೀಗೆಯೇ. ತೋಡಿ, ಪೂರಿಯಾದಂಥ ಕೆಲವೇ ರಾಗಗಳ ಮೇಲೆ ದೀರ್ಘ ಸಾಧನೆ. ಜಿಪುಣ ದುಡ್ಡು ಬಿಚ್ಚುವ ಹಾಗೆ ಸ್ವರಗಳನ್ನು ಎಣಿಸಿ ಬಳಸಬೇಕೆಂಬುದನ್ನು ಗುರುಗಳಿಂದ ಕಲಿತೆ ಎಂದು ಗಂಗೂಬಾಯಿಯವರು ಮುಂದೆ ನೆನೆಯುತ್ತಿದ್ದರು. ಗುರು ಕೊಟ್ಟದ್ದು ಸ್ವಲ್ಪ. ಅದನ್ನು ಬೆಳೆಸಿದ್ದು ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವಿನ ದಿನಗಳಲ್ಲಿ ಶಿಷ್ಯರು ಪಟ್ಟ ಶ್ರಮ.

ಇವತ್ತು ಹಲವು ಕಚೇರಿ, ಕಾಲೇಜು, ಪ್ರಯೋಗಾಲಯಗಳಲ್ಲಿ ಹೊಸಬರಿಗೆ ಒಬ್ಬೊಬ್ಬ ಮೆಂಟರ್ ಇರುತ್ತಾರೆ. ತಿಂಗಳಿಗೊಮ್ಮೆ ಭೇಟಿ, ಅರ್ಧ ಗಂಟೆ ಮಾತು. ಬಹಳಷ್ಟು ಮಂದಿ ಬರಿಗೈಯಲ್ಲಿ ಹೋಗಿ, ‘ಮುಂದೇನು ಮಾಡಲಿ ಸರ್?’ ಎಂದು ಕೇಳಿ, ತಲೆಯಾಡಿಸಿ ಬರುತ್ತಾರೆ. ಮುಂದಿನ ತಿಂಗಳು ಅದೇ ಪ್ರಶ್ನೆ. ಹಿಂದಿನ ಸಲ ಹೇಳಿದ್ದು ಏನಾಯಿತು ಎಂದು ಇಬ್ಬರಿಗೂ ನೆನಪಿರುವುದಿಲ್ಲ. ಹೀಗಾದಾಗ ಹಿರಿಯರ ಆಸಕ್ತಿ ಕುಗ್ಗಿದರೆ ಅದು ಅವರ ತಪ್ಪಲ್ಲ.

ಕಲಿಯುವವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ನೀವೇ ಮಾಡಿದ ಒಂದು ಕೆಲಸವನ್ನು, ಅರೆಬರೆಯಾಗಿದ್ದರೂ ಸರಿ, ಜೊತೆಗೆ ಒಯ್ಯಿರಿ. ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂಬುದನ್ನು ಬಿಡಿಸಿ ಕೇಳಿ. ತಿಳಿಯದ್ದನ್ನು ತಿಳಿದವರಂತೆ ಮುಚ್ಚಬೇಡಿ; ಮುಚ್ಚಿಟ್ಟ ತಪ್ಪನ್ನು ಯಾವ ಗುರುವೂ ತಿದ್ದಲಾರರು. ತಿದ್ದಿದಾಗ ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ. ಹತ್ತು ಸಲಹೆಗಳಲ್ಲಿ ಒಂದನ್ನು ಆರಿಸಿ, ಮುಂದಿನ ಭೇಟಿಯೊಳಗೆ ಮಾಡಿ ನೋಡಿ. ಅದು ಫಲಿಸಿದರೂ, ಫಲಿಸದಿದ್ದರೂ ಹಿಂದಿರುಗಿ ಹೇಳಿ. ತಾನು ಹೇಳಿದ್ದು ಯಾರದೋ ಕೈಯಲ್ಲಿ ಕೆಲಸವಾಗಿದೆ ಎಂದು ಕಂಡ ಹಿರಿಯರು ಕೇಳದೆಯೇ ಇನ್ನಷ್ಟು ಕೊಡುತ್ತಾರೆ.

ಎಲ್ಲರನ್ನೂ ಕೇಳಿ ಯಾರದನ್ನೂ ಮಾಡದಿರುವುದು ಇನ್ನೊಂದು ರೋಗ. ಒಬ್ಬರ ಮಾತನ್ನು ಪೂರ್ತಿ ದುಡಿಸಿಕೊಳ್ಳುವ ಮೊದಲೇ ಇನ್ನೊಬ್ಬರ ಬಾಗಿಲಿಗೆ ಹೋಗುವವರಿಗೆ ಸಲಹೆಗಳು ಸೇರುತ್ತವೆ, ವಿದ್ಯೆ ಸೇರುವುದಿಲ್ಲ.

ನಿಮಗೆ ಕಲಿಸುವ ಹಿರಿಯರೊಬ್ಬರಿದ್ದರೆ, ಅವರು ಕಳೆದ ಸಲ ಹೇಳಿದ ಒಂದು ಮಾತನ್ನು ಇವತ್ತು ಮಾಡಿ ಮುಗಿಸಿ. ಆಮೇಲೆ ಮುಂದಿನ ಪಾಠ ಕೇಳಿ.