ಎಳೆಮಕ್ಕಳನ್ನು ನಡಿಸುವವರಿಗೆ ಕರ್ತನ ಪಾಠ

(ಮಾರ್ಕನು 10ನೆಯ ಅಧ್ಯಾಯ, 13ರಿಂದ 16ನೆಯ ವಚನಗಳನ್ನು ಓದಿಕೊಳ್ಳಿರಿ)



1975ರಲ್ಲಿ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಆರಂಭವಾದ ಅಂಗನವಾಡಿಯ ಕಾರ್ಯವು ಈಗ ನಮ್ಮ ನಾಡಿನ ಹಳ್ಳಿಹಳ್ಳಿಗೂ ಹಬ್ಬಿದೆ. ನಮ್ಮ ಸಭೆಗಳ ಹೆಣ್ಣುಮಕ್ಕಳಲ್ಲಿ ಕೆಲವರು ಅಲ್ಲಿ ಸಹಾಯಕಿಯರಾಗಿ ಸೇರುತ್ತಾರೆ. ಮೊದಲನೆಯ ವಾರದಲ್ಲಿಯೇ ಅವರಿಂದ ನಾವು ಕೇಳುವ ದೂರು ಒಂದೇ: “ಅಯ್ಯನವರೇ, ಮಕ್ಕಳು ನಮ್ಮ ಮಾತು ಕೇಳುವುದಿಲ್ಲ. ಒಬ್ಬನನ್ನು ಕೂರಿಸಿದರೆ ಇಬ್ಬರು ಏಳುತ್ತಾರೆ; ಒಬ್ಬಳ ಅಳು ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬನು ಕಚ್ಚಿರುತ್ತಾನೆ.”

ಈ ಕಷ್ಟವು ಕರ್ತನ ಶಿಷ್ಯರಿಗೂ ಬಂದಿತು. ಜನರು ಚಿಕ್ಕ ಮಕ್ಕಳನ್ನು ತಂದಾಗ ಶಿಷ್ಯರು ಗದರಿಸಿದರು. ಗುರುವಿಗೆ ತೊಂದರೆಯಾಗಬಾರದೆಂದು ಅವರು ಎಣಿಸಿರಬಹುದು. ಆದರೆ ಕರ್ತನು ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಗದ್ದಲವನ್ನು ಅಡಗಿಸಹೋದ ಸಹಾಯಕರ ಮೇಲೆಯೇ. ಅನಂತರ ಆತನು ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು, ಆಶೀರ್ವದಿಸಿದನು. ಮಕ್ಕಳನ್ನು ತಿದ್ದುವುದಕ್ಕೆ ಮುಂಚೆ ಅವರನ್ನು ನಡಿಸುವವರು ತಿದ್ದಲ್ಪಡಬೇಕೆಂಬುದೇ ಈ ಪಾಠದ ಸಾರ.

ಈ ವಿಷಯದಲ್ಲಿ ನಾವೂ ತಪ್ಪಿದವರೇ. ಆದಿತ್ಯವಾರದ ಶಾಲೆಯಲ್ಲಿ ಎಳೆಮಕ್ಕಳ ತರಗತಿ ನಮಗೆ ಹೊಸದಾಗಿ ಒಪ್ಪಿಸಲ್ಪಟ್ಟಿದ್ದಾಗ, ಪಕ್ಕದ ಮಗುವಿನ ಕೈಯಿಂದ ಬೆಲ್ಲದ ಚೂರನ್ನು ಕಿತ್ತುಕೊಂಡ ನಾಲ್ಕು ವರುಷದ ಹುಡುಗನೊಬ್ಬನ ಕೆನ್ನೆಗೆ ಹೊಡೆದೆವು. ತರಗತಿಯು ಕೂಡಲೇ ಮೌನವಾಯಿತು. ಆ ಮೌನವನ್ನು ನಾವು ಶಿಸ್ತೆಂದು ಎಣಿಸಿ ಸಂತೋಷಪಟ್ಟೆವು. ಮುಂದಿನ ಆದಿತ್ಯವಾರ ಅವನು ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಲಾಗಿ, ಆ ದಿನ ತಾಯಿ ಜ್ವರದಿಂದ ಮಲಗಿದ್ದಳೆಂದೂ ಹಿಂದಿನ ರಾತ್ರಿಯಿಂದ ಒಲೆ ಹೊತ್ತಿರಲಿಲ್ಲವೆಂದೂ ತಿಳಿಯಿತು. ನಮ್ಮನ್ನು ಕಂಡ ಹುಡುಗನು ಬಾಗಿಲ ಹಿಂದೆ ಅಡಗಿದನು. ಕರ್ತನ ಬಳಿಗೆ ಬರುತ್ತಿದ್ದ ಮಗುವಿಗೆ ನಾವೇ ಅಡ್ಡಿಯಾದೆವಲ್ಲಾ ಎಂದು ಅಂದು ನಾಚಿದೆವು, ಇಂದಿಗೂ ನಾಚುತ್ತೇವೆ.

ಹಾಗಾದರೆ ಎಳೆಯರನ್ನು ನಡಿಸುವುದು ಹೇಗೆ? ಏಸಾವನು ಜೊತೆಯಲ್ಲಿ ಹೋಗೋಣವೆಂದು ಕರೆದಾಗ, ಮಕ್ಕಳು ಎಳೆಯರಾದದರಿಂದ ತಾನು ಅವರ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆಂದು ಯಾಕೋಬನು ಉತ್ತರಕೊಟ್ಟನು (ಆದಿಕಾಂಡ 33:13, 14). ಮೂರು ವರುಷದ ಮಗುವಿಗೆ ತನ್ನನ್ನು ತಾನೇ ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಅದು ವರುಷ ವರುಷಕ್ಕೆ ಬೆಳೆಯತಕ್ಕದ್ದು. ಪೈರನ್ನು ಹಿಡಿದೆಳೆದು ಉದ್ದಮಾಡುವ ರೈತನುಂಟೇ?

ಆದಕಾರಣ, ಸಹೋದರಿಯೇ, ದೂರದಿಂದ ಕೂಗಬೇಡ. ಬಳಿಗೆ ಹೋಗಿ, ಕುಳಿತು, ಹೆಸರುಹಿಡಿದು ಮಾತಾಡು. “ಓಡಬೇಡ” ಎನ್ನುವುದಕ್ಕಿಂತ “ನನ್ನ ಕೈ ಹಿಡಿದು ನಡೆ” ಎಂದು ಹೇಳು. ಆಟಕ್ಕೂ ಊಟಕ್ಕೂ ನಿದ್ರೆಗೂ ದಿನಾಲು ಒಂದೇ ಕ್ರಮವಿರಲಿ. ಮುಂದೆ ಏನೆಂದು ತಿಳಿದ ಮಗು ಗಾಬರಿಪಡುವುದು ಕಡಿಮೆ. ಒಬ್ಬನು ಕಚ್ಚಿದರೆ ಕೂಡಲೇ ತಡೆದು, ನೊಂದವನನ್ನು ಮೊದಲು ಸಂತೈಸಿ, ಬಳಿಕ ಕಚ್ಚಿದವನಿಗೆ ಚಿಕ್ಕ ಮಾತಿನಲ್ಲಿ ತಿಳಿಸು. ಗುಮ್ಮನನ್ನು ತೋರಿಸಿ ಬೆದರಿಸಬೇಡ. ದೇವರು ಕಣ್ಣು ಕೀಳುವನೆಂದು ಎಂದಿಗೂ ಹೇಳಬೇಡ. ಪರಲೋಕದ ತಂದೆಯನ್ನು ಗುಮ್ಮನನ್ನಾಗಿ ಮಾಡುವುದು ಸಣ್ಣ ಪಾಪವಲ್ಲ.

ಇದು ಓದಿದವರಿಗೆ ಮಾತ್ರವೇ ಸಾಧ್ಯವೆಂದು ಹಿಂಜರಿಯಬೇಡ. ಫ್ರಾನ್ಸ್ ದೇಶದ ಅಲ್ಸೇಸ್ ಸೀಮೆಯ ಬೆಟ್ಟದ ಹಳ್ಳಿಗಳಿಗೆ 1767ರಲ್ಲಿ ಸಭಾಪಾಲಕರಾಗಿ ಬಂದ ಓಬರ್ಲಿನ್ ಅಯ್ಯನವರು ಎಳೆಮಕ್ಕಳ ಕೂಟಗಳನ್ನು ಏರ್ಪಡಿಸಿ, ಹಳ್ಳಿಯ ಹೆಣ್ಣುಮಕ್ಕಳಿಗೇ ಅವುಗಳನ್ನು ಒಪ್ಪಿಸಿದರು. ಅವರ ಮನೆಗೆಲಸದ ಲೂಯಿಸ್ ಶೆಪ್ಲರ್ ಎಂಬವಳು (1763–1837) ಅವರಲ್ಲಿ ಒಬ್ಬಳು. ಚಿಕ್ಕವರು ಆಡುತ್ತಿದ್ದರು, ತುಸು ದೊಡ್ಡವರು ನೂಲಿನ ಹೆಣಿಗೆ ಕಲಿಯುತ್ತಿದ್ದರು. ಚಿತ್ರಗಳನ್ನು ತೋರಿಸಿ ಕಥೆಗಳನ್ನೂ ಗಿಡಗಳ ಹೆಸರುಗಳನ್ನೂ ಹೇಳಿಕೊಡಲಾಗುತ್ತಿತ್ತು. ಕೈಗೆ ಕೆಲಸವೂ ಕಿವಿಗೆ ಕಥೆಯೂ ಇರುವ ಮಗುವಿಗೆ ಜಗಳಕ್ಕೆ ಬಿಡುವೆಲ್ಲಿ? 1829ರಲ್ಲಿ ಫ್ರಾನ್ಸಿನ ವಿದ್ವತ್ಸಭೆಯು ಈ ಸೇವಕಿಯ ಸದ್ಗುಣಕ್ಕೆ ಬಹುಮಾನಕೊಟ್ಟಿತು.

ಬೆತ್ತವನ್ನು ಬಿಟ್ಟರೆ ಮಕ್ಕಳು ಕೆಡರೇ ಎಂದು ಹಿರಿಯರು ಜ್ಞಾನೋಕ್ತಿಗಳನ್ನು ತೋರಿಸಿ ಕೇಳುವರು. ಶಿಕ್ಷಣ ಬೇಡವೆಂದು ನಾವು ಹೇಳುವುದಿಲ್ಲ. ಆದರೆ 23ನೆಯ ಕೀರ್ತನೆಯಲ್ಲಿ ಕುರುಬನ ಕೋಲು ಕುರಿಗೆ ಭಯವನ್ನಲ್ಲ, ಧೈರ್ಯವನ್ನು ಕೊಡುತ್ತದೆಂಬುದನ್ನು ಮರೆಯದಿರೋಣ. ಪೆಟ್ಟಿನಿಂದ ಬಂದ ಮೌನವು ಹೊಡೆದವರು ಹೊರಗೆ ಹೋಗುವ ತನಕ ಮಾತ್ರ; ಪ್ರೀತಿಯಿಂದ ಕಲಿತ ಕ್ರಮವು ಮಗುವಿನೊಂದಿಗೆ ಮನೆಗೂ ಹೋಗುವುದು.

ಕುರಿಮರಿಗಳನ್ನು ಎದೆಗಪ್ಪಿಕೊಳ್ಳುವ ಒಳ್ಳೆಯ ಕುರುಬನೇ, ಮಕ್ಕಳ ಮೇಲೆ ಏಳುವ ನಮ್ಮ ಕೈಯನ್ನು ತಡೆದು, ಆಶೀರ್ವದಿಸುವ ಕೈಯನ್ನಾಗಿ ಮಾಡು. ಆಮೆನ್.